ಮಸ್ಕತ್ತು ಒಪ್ಪದ ತೋಳು

ಜೂನ್ 9, 2021

ಅಪ್ಪ ಇವತ್ತೂ ಅಂಗಿಯ ತೋಳು ಮೇಲೇರಿಸಿ ಜನರಿಗೆ ತೋರಿಸಿದ. ತೋರಿಸಲು ಅಲ್ಲೇನೂ ಇಲ್ಲ. ಎರಡನೆಯ ಸೂಜಿಯಾಗಿ ಮೂರು ವಾರ ಕಳೆದಿದೆ, ಚುಕ್ಕೆ ಕೂಡ ಉಳಿದಿಲ್ಲ. ಆದರೂ ಪಾರ್ಕಿಂಗಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತವರಿಗೆಲ್ಲ ಆ ಖಾಲಿ ತೋಳನ್ನು ಪದಕದ ಹಾಗೆ ತೋರಿಸುತ್ತ, “ನಮ್ಮೂರಾಗ ತಯಾರಾದ ಲಸಿಕಿರಿ ಇದು. ಪುಣೇದಲ್ಲ, ಫಾರಿನ್ನಿಂದಲ್ಲ” ಅಂದ. ಮೂವತ್ತು ವರ್ಷ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ದುಡಿದರೂ ಹೈದರಾಬಾದನ್ನು ‘ಈ ಊರು’ ಎಂದೇ ಕರೆಯುತ್ತಿದ್ದವನು ಅವನು. ‘ನಮ್ಮೂರು’ ಅಂದರೆ ಇಳಕಲ್ಲು. ಲಸಿಕೆ ಬಂದ ಮೇಲೆ ಇಳಕಲ್ಲು ಹಿಂದೆ ಬಿತ್ತು.

ಅವನಿಗೆ ಎದುರಾಳಿಯಾಗಿ ಮೊದಲ ಮಹಡಿಯ ಜನಾರ್ದನ ರಾಯರಿದ್ದಾರೆ. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ಯಾವುದನ್ನೂ ಹಾಕಿಸಿಕೊಳ್ಳದೆ ಎಲ್ಲವನ್ನೂ ಬಲ್ಲವರು.

“ಚನ್ನಬಸಪ್ಪನೋರೇ, ನಿಮ್ಮೂರು ಒಪ್ಪಿಬಿಟ್ರೆ ಸಾಕಾ? ಜಗತ್ತು ಒಪ್ಪಬೇಡ್ವಾ? ನಾನಂತೂ ಅಮೆರಿಕದ್ದು ಬರೋವರೆಗೂ ಕಾಯ್ತೀನಿ.”

“ಕಾಯ್ರಿ, ಕಾಯ್ರಿ. ಕೊರೊನಾಕ್ಕೂ ಒಂದ್ ಮಾತ್ ಹೇಳಿಡ್ರಿ, ಸ್ವಲ್ಪ ತಡಿಯಪಾ, ಅಮೆರಿಕಾದಿಂದ ಪಾರ್ಸಲ್ ಬರೂದೈತಿ ಅಂತ.”

ಸುತ್ತ ನಿಂತವರು ನಕ್ಕರು. ಮಧ್ಯಾಹ್ನದೊಳಗೆ ಮನೆ ಸೇರಬೇಕೆಂಬ ಲಾಕ್‌ಡೌನ್ ನಿಯಮ ಇಲ್ಲದಿದ್ದರೆ ಸಂಜೆಯ ತನಕ ನಡೆಯುತ್ತಿತ್ತು. ಮೇಲೆ ಬಂದರೆ ಟಿವಿಯಲ್ಲಿ ಇದೇ ಜಗಳ. ಒಂದೇ ಪರದೆಯಲ್ಲಿ ಎಂಟು ಮುಖಗಳು. ಒಬ್ಬನಿಗೆ ಲಸಿಕೆ ಹೊರದೇಶಕ್ಕೆ ಕಳಿಸಿದ್ದು ದ್ರೋಹ, ಇನ್ನೊಬ್ಬನಿಗೆ ಕಳಿಸುವುದನ್ನು ನಿಲ್ಲಿಸಿದ್ದು ದ್ರೋಹ. ಎಂಟೂ ಜನ ಚೆನ್ನಾಗಿ ಕ್ಷೌರ ಮಾಡಿಸಿಕೊಂಡಿದ್ದಾರೆ. ಸಲೂನುಗಳು ಮುಚ್ಚಿವೆ, ಇವರಿಗೆ ಎಲ್ಲಿ ಸಿಗುತ್ತದೋ.

ಅವ್ವನನ್ನು ಯಾರೂ ಏನೂ ಕೇಳಲಿಲ್ಲ. ಕಾರ್ಖಾನೆಯ ದವಾಖಾನೆಯಲ್ಲಿ ಅಪ್ಪನ ಹಿಂದೆ ನಿಂತಳು, ಅಪ್ಪನ ನಂತರ ತೋಳು ಕೊಟ್ಟಳು, ಎರಡು ಸಲ. ನನ್ನ ಹೆಸರೂ ಅಲ್ಲಿತ್ತು. ನಾನು ಹೋಗಲಿಲ್ಲ. ಸಾಲಿನಲ್ಲಿ ಅಪ್ಪನ ಸಹೋದ್ಯೋಗಿಗಳು, ಅವರ ಹೆಂಡಿರು ಇರುತ್ತಾರೆ, ಎಲ್ಲರದೂ ಒಂದೇ ಪ್ರಶ್ನೆ: “ಎಂ.ಎ. ಮುಗೀತಲ್ಲವಾ, ಮುಂದ?” ಸೋಂಕಿಗಿಂತ ಆ ‘ಮುಂದ’ಕ್ಕೆ ನಾನು ಹೆಚ್ಚು ಹೆದರುತ್ತೇನೆ.


ಜೂನ್ 20

ಇವತ್ತಿನಿಂದ ಲಾಕ್‌ಡೌನ್ ತೆಗೆದರು. ನಾನು ಊರಿನ ಈ ತುದಿಯ ಚಂಪಾಪೇಟದಿಂದ ಆ ತುದಿಯ ಮಣಿಕೊಂಡಕ್ಕೆ ಹೋಗಿ ಸೂಜಿ ಮಾಡಿಸಿಕೊಂಡು ಬಂದೆ. ಕಾಲೇಜಿನ ಗೆಳತಿ ಚಿನ್ಮಯಿ ಇರುವ ಅಪಾರ್ಟ್‌ಮೆಂಟಿನಲ್ಲಿ ಶಿಬಿರ ಇತ್ತು. ಅಲ್ಲಿ ಇದ್ದದ್ದು ಪುಣೆಯ ಲಸಿಕೆ. ಯಾವುದಿದೆಯೆಂದು ನಾನು ಕೇಳಲೂ ಇಲ್ಲ. ಪರಿಚಯದವರು ಒಬ್ಬರೂ ಇರಬಾರದು ಎಂಬುದೊಂದೇ ನನ್ನ ಷರತ್ತು.

ಆದರೆ ಇದ್ದರು. ನನಗಿಂತ ನಾಲ್ಕು ಜನ ಮುಂದೆ, ಎರಡು ಮಾಸ್ಕು, ಕಪ್ಪು ಕನ್ನಡಕ, ಕಿವಿ ಮುಚ್ಚುವಂಥ ಕ್ರಿಕೆಟ್ ಟೋಪಿ. ಬಗಲಲ್ಲಿ ಮಾತ್ರ ಬ್ಯಾಂಕಿನ ಹೆಸರಿನ ಅದೇ ಹಳೆಯ ಚೀಲ. ಜನಾರ್ದನ ರಾಯರು ತಿರುಗಿದರು, ನನ್ನನ್ನು ನೋಡಿದರು. ಇಬ್ಬರೂ ಒಟ್ಟಿಗೇ ಗೋಡೆಯ ಮೇಲಿನ ಸೂಚನೆಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆವು. ಅಮೆರಿಕದ ಪಾರ್ಸಲ್ ಪುಣೆಯಿಂದಲೇ ಬಂತು ಅಂತ ಕಾಣುತ್ತದೆ.

ನರ್ಸ್ “ಏಮ್ಮಾ, ತಿನಿ ವಚ್ಚಾವಾ?” ಅಂದಳು. ತಿಂದಿದ್ದೇನೆ ಎಂದು ತಲೆಯಾಡಿಸುವಷ್ಟರಲ್ಲಿ ಮುಗಿದಿತ್ತು. ಇಷ್ಟಕ್ಕೆ ದೇಶಕ್ಕೆ ದೇಶವೇ ಗಂಟಲು ಹರಿದುಕೊಳ್ಳುತ್ತಿದೆ.


ಜೂನ್ 21

ಜ್ವರ ಬಂದಿದ್ದರಿಂದ ಮನೆಯಲ್ಲಿ ಗೊತ್ತಾಯಿತು.

“ಪುಣೇದು?” ಅಪ್ಪ ಕೇಳಿದ. ಯಾರೊಂದಿಗೋ ಓಡಿಹೋದೆಯಾ ಎಂದು ಕೇಳುವ ದನಿ. “ನಮ್ಮ ದವಾಖಾನ್ಯಾಗ ಪುಕ್ಕಟೆ ಕೊಡಾಕತ್ತಿದ್ರು. ಅದನ್ನ ಬಿಟ್ಟು, ರೊಕ್ಕಾ ಕೊಟ್ಟು, ಪುಣೇದು?”

ನಾನು ಹ್ಞೂಂ ಅಂದೆ.

“ಮಂದೀಗೆ ಏನಂತ ಹೇಳ್ಲಿ ನಾ? ನನ್ನ ಮಗಳ ನಮ್ಮದನ್ನ ನಂಬಲಿಲ್ಲ ಅಂತ ಹೇಳ್ಲೇನು?”

“ಯಾವದರ ಆಗವಲ್ಲದ್ಯಾಕ, ಸೂಜಿ ಆತಲ್ಲ” ಎಂದು ಅವ್ವ ನನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಿಸಿದಳು. ಅಪ್ಪ ಎರಡು ದಿನ ನನ್ನೊಡನೆ ಮಾತಾಡುವುದಿಲ್ಲವಂತೆ; ಅದನ್ನು ನನಗೇ ಹೇಳಿ ಹೋದ.


ಜುಲೈ 18

ಅಕ್ಕ ನಳಿನಿಗೆ ಆರು ತಿಂಗಳು ತುಂಬಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಅವಳಿರುವುದು ಮಸ್ಕತ್ತಿನಲ್ಲಿ, ಭಾರತದಿಂದ ಹೋಗುವವರಿಗೆ ಆ ಬಾಗಿಲು ಏಪ್ರಿಲ್‌ನಿಂದ ಮುಚ್ಚಿದೆ. ಬಂದರೆ ತಿರುಗಿ ಗಂಡನ ಹತ್ತಿರ ಹೋಗುವುದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಬಾಗಿಲು ತೆರೆದ ದಿನವೇ ಅವ್ವ ಅಲ್ಲಿಗೆ ಹೋಗಿ ಬಾಣಂತನ ಮಾಡುವುದು ಎಂದು ತೀರ್ಮಾನವಾಗಿದೆ. ಅವ್ವನ ಜೀವನದಲ್ಲಿ ಮೊದಲ ಪಾಸ್‌ಪೋರ್ಟು. ಫೋಟೋದಲ್ಲಿ ಬೆದರಿದ ಹಾಗೆ ಕಾಣುತ್ತಾಳೆ, ಆದರೂ ಅದನ್ನು ದಿನಕ್ಕೊಮ್ಮೆ ತೆಗೆದು ನೋಡುತ್ತಾಳೆ.

ಇವತ್ತು ನನ್ನನ್ನು ಎಳೆದುಕೊಂಡು ಬೇಗಂ ಬಜಾರಿಗೆ ಹೋದಳು. ಬಾಣಂತಿಯ ಉಂಡೆಗೆ, ಮದ್ದಿಗೆ ಬೇಕಾದ ಅಂಟು, ಉತ್ತತ್ತಿ, ಅಳವಿ ಬೀಜ, ಒಣಶುಂಠಿ, ಬಜೆ. ಬಜಾರಿನಲ್ಲಿ ಜನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡಿದ್ದರು, ಮಾಸ್ಕುಗಳು ಗದ್ದಕ್ಕೆ ಜೋತುಬಿದ್ದಿದ್ದವು. ಅವ್ವ ಅಂಗಡಿಯವನ ಮುಂದೆ ಅಂಟಿನ ಒಂದು ಹರಳನ್ನು ಹಲ್ಲಿನಲ್ಲಿ ಕಡಿದು, “ಯೇ ಪುರಾನಾ ಹೈ ಭಯ್ಯಾ, ಅಂದರ್ ಕಾ ದಿಖಾವೋ” ಅಂದಳು. ಅವನು ಬೈದುಕೊಂಡೇ ಹಳೆಯದನ್ನು ಬದಿಗಿಟ್ಟು ಒಳಗಿನದನ್ನು ತಂದ. ಮನೆಯಲ್ಲಿ ಯಾವ ಚರ್ಚೆಯಲ್ಲೂ ಬಾಯಿ ತೆರೆಯದವಳು ಅಂಟಿನ ಹರಳಿಗಾಗಿ ಕಾಲು ಗಂಟೆ ವಾದಿಸಿದಳು.

ನಾನು ಚೀಲ ಹಿಡಿದು ನಿಂತಿದ್ದೆ. ಬಾಣಂತನ ಎಂಬ ಈ ಮಹಾವ್ಯವಹಾರದ ಬಗ್ಗೆ ನನಗೆ ಗೌರವವಿಲ್ಲ. ತಿಂಗಳಾನುಗಟ್ಟಲೆ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಉಂಡೆ ತಿನ್ನಿಸುವುದು, ಮೂರನೆಯದಕ್ಕೆ ಎಣ್ಣೆ ಹಚ್ಚುವುದು. ಅದಕ್ಕೊಂದು ಪಾಸ್‌ಪೋರ್ಟು.


ಆಗಸ್ಟ್ 24

ಸೆಪ್ಟೆಂಬರ್ ಒಂದರಿಂದ ಮಸ್ಕತ್ತಿನ ಬಾಗಿಲು ತೆರೆಯುತ್ತದೆ ಎಂದು ಭಾವ ಭರತ ಫೋನ್ ಮಾಡಿದ. ಸ್ಪೀಕರ್ ಹಾಕಿ ಅಪ್ಪನೂ ನಾನೂ ಕೂತೆವು. ಅವ್ವ ಅಡುಗೆಮನೆಯಲ್ಲಿ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದಳು, ಅಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಳು.

“ಆದ್ರ ಮಾವಾರ, ಎರಡು ಸೂಜಿ ಆಗಿರ್ಬೇಕು. ಅದೂ ಇಲ್ಲಿಯವರು ಒಪ್ಪಿದ ಲಸಿಕಿನ ಆಗಿರ್ಬೇಕಂತ.”

“ಹೌದಲ್ಲ, ಆಗ್ಯಾವಲ್ಲ ಎರಡೂ. ಒಪ್ಪಿದ್ದು ಯಾವ್ಯಾವು?”

ಭರತ ಓದಿದ. ಅಮೆರಿಕದ್ದು ಇತ್ತು. ಪುಣೆಯದು ಇತ್ತು. ಇನ್ನೂ ಒಂದೆರಡು ಇದ್ದವು.

“ಚೀನಾದ್ದೈತಿ?” ಅಪ್ಪ ತಡೆದು ಕೇಳಿದ.

“ಐತ್ರಿ.”

“ನಮ್ದು?”

“ಇಲ್ಲರಿ ಮಾವಾರ.”

“ಮತ್ತೊಮ್ಮೆ ನೋಡಪಾ. ಚೀನಾದ್ದೈತಿ, ನಮ್ದಿಲ್ಲ?”

“ಮೂರು ಸಲ ನೋಡಿದ್ನಿರಿ.”

ಅಪ್ಪ ಫೋನನ್ನು ಹತ್ತಿರ ಎಳೆದುಕೊಂಡ. ಆಮೇಲೆ ಶುರುವಾಯಿತು: ದೊಡ್ಡ ದೇಶಗಳ ಪಿತೂರಿ, ಔಷಧ ಕಂಪನಿಗಳ ಪಿತೂರಿ, ನಮ್ಮವರು ಮೇಲೆ ಬರುವುದನ್ನು ಸಹಿಸದವರ ಪಿತೂರಿ. ಭರತ ಅತ್ತ ಕಡೆ ಹೌದ್ರಿ, ಖರೇರಿ ಅನ್ನುತ್ತಲೇ ಇದ್ದ. ಅಳಿಯಂದಿರು ಎಷ್ಟು ಸಲೀಸಾಗಿ ಹೌದ್ರಿ ಅನ್ನುತ್ತಾರೆ. ಅವ್ವ ಎಲ್ಲಿಗೆ ಹೋಗಲಾರಳೋ ಆ ಊರಿನ ಹೆಸರು ಕೂಡ ಆ ಮಾತಿನಲ್ಲಿ ಮತ್ತೆ ಬರಲಿಲ್ಲ.

ಅಡುಗೆಮನೆಗೆ ಹೋಗಿ ನೋಡಿದೆ. ಅವ್ವ ಒಲೆ ಆರಿಸಿದ್ದಳು. ಬಾಣಲೆಯಲ್ಲಿ ಅಂಟು ಅರ್ಧ ಅರಳಿ ನಿಂತಿತ್ತು.


ಆಗಸ್ಟ್ 26

ಮಸ್ಕತ್ತಿನ ಸುದ್ದಿ ಕೇಳಿ ಪಾರ್ಕಿಂಗಿನಲ್ಲಿ ಜನಾರ್ದನ ರಾಯರಿಗೆ ಹಬ್ಬ.

“ನಾನು ಜೂನಲ್ಲೇ ಹೇಳಿದ್ನಾ ಇಲ್ವಾ? ಜಗತ್ತು ಒಪ್ಪಬೇಕು ಅಂತ. ಹೋಗ್ಲಿ ಬಿಡಿ, ದಾರಿ ಇದೆ. ಮನೆಯವರದ್ದು ಆಧಾರ್ ಮೇಲೆ ಆಗಿದೆಯಲ್ವಾ? ಈಗ ಪಾಸ್‌ಪೋರ್ಟ್ ತೋರಿಸಿ, ಬೇರೆ ಫೋನ್ ನಂಬರಲ್ಲಿ, ಹೊಸಬರ ಹಾಗೆ ಪುಣೇದು ಹಾಕಿಸಿಬಿಡಿ. ತುಂಬಾ ಜನ ಮಾಡ್ತಿದಾರೆ ಸಾರ್.”

“ಸರಕಾರಕ್ಕ ಸುಳ್ಳ ಹೇಳಂತೀರೇನ್ರಿ ನನಗ? ಮೂವತ್ತು ವರ್ಷ ಅದರ ಅನ್ನಾ ಉಂಡೀನಿ.”

“ಸರಿ, ಹಾಗಾದ್ರೆ ಮಗಳು ಅಲ್ಲಿ ಒಬ್ಬಳೇ ಹೆರ್ಲಿ.”

ಅಪ್ಪ ಮೇಲೆ ಹೊರಡಲು ತಿರುಗಿದ. ರಾಯರು ಅಲ್ಲಿಗೆ ನಿಲ್ಲಿಸಬಹುದಿತ್ತು. ಗೆದ್ದವರಿಗೆ ನಿಲ್ಲಿಸುವುದು ಬರುವುದಿಲ್ಲ. ನಗುತ್ತ ತಮ್ಮ ತೋಳು ತಟ್ಟಿಕೊಂಡು, “ನಾನಿನ್ನೂ ಕಾಯ್ತಾನೇ ಇದೀನಿ ನೋಡಿ” ಅಂದರು. ಆಮೇಲೆ ಮೆಟ್ಟಿಲಿನಲ್ಲಿ ನಿಂತಿದ್ದ ನನ್ನನ್ನು ಕಂಡು ಕೈ ಇಳಿಸಿದರು. ನಾನು ಹೇಳಿಬಿಡಬಹುದಿತ್ತು. ಹತ್ತು ಜನರೆದುರು ಬಾಯಿ ತೆರೆಯುವುದಕ್ಕಿಂತ ಒಬ್ಬ ಸುಳ್ಳುಗಾರನನ್ನು ಬಿಟ್ಟುಬಿಡುವುದು ನನಗೆ ಸುಲಭ.

ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಅವ್ವ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಪಾಸ್‌ಪೋರ್ಟು ಸೆರಗಿನೊಳಗಿತ್ತು. ಕೆಳಗಿನ ಮಾತೆಲ್ಲ ಕಿಟಕಿಯಿಂದ ಕೇಳಿಸಿಕೊಂಡಿದ್ದಳು.

“ಲಹರಿ, ಆ ರಾಯರು ಹೇಳಿದ್ದು ನಿನಗ ಮಾಡಾಕ ಬರತೈತೇನು?”

“ಅಪ್ಪಗ ಗೊತ್ತಾದ್ರ?”

“ನಿಮ್ಮಪ್ಪಗ ಆಮ್ಯಾಲೆ ನಾ ಹೇಳ್ಕೊಂತೀನಿ. ನನ್ನ ಮೈಯಾಗ ಇನ್ನೆರಡ ಸೂಜಿ ಹೋದ್ರ ಏನೂ ಆಗೂದಿಲ್ಲ.”

ಇಷ್ಟು ವರ್ಷಗಳಲ್ಲಿ ಅವಳು ಅಪ್ಪನಿಗೆ ಹೇಳದೆ ಒಂದು ಸೀರೆ ಕೊಂಡದ್ದನ್ನೂ ನಾನು ನೋಡಿಲ್ಲ. ಕಂಪ್ಯೂಟರ್ ತೆರೆದು ನಿಯಮ ಓದಿದೆ. ಎರಡು ಸೂಜಿಗಳ ನಡುವೆ ಎಂಬತ್ನಾಲ್ಕು ದಿನ, ಆಮೇಲೆ ಮತ್ತೆ ಹದಿನಾಲ್ಕು ದಿನ. ಅಷ್ಟರಲ್ಲಿ ಡಿಸೆಂಬರ್ ಬರುತ್ತದೆ, ನಳಿನಿಗೆ ಅಕ್ಟೋಬರ್ ನಡುವಿನ ದಿನ ಕೊಟ್ಟಿದ್ದಾರೆ. ಹೊರದೇಶಕ್ಕೆ ಹೋಗುವವರಿಗೆ ಬೇಗ ಕೊಡುವ ವಿನಾಯಿತಿ ಇದೆ. ಓದಲು ಹೋಗುವವರಿಗೆ, ಕೆಲಸಕ್ಕೆ ಹೋಗುವವರಿಗೆ, ಒಲಿಂಪಿಕ್ಸಿಗೆ ಹೋಗುವವರಿಗೆ. ಬಾಣಂತನ ವಿದ್ಯೆಯಲ್ಲ, ಉದ್ಯೋಗವಲ್ಲ, ಆಟವೂ ಅಲ್ಲ. ಈ ನಿಯಮ ಬರೆದ ಮಹನೀಯರೆಲ್ಲ ಬಹುಶಃ ತಾವಾಗಿ ಹುಟ್ಟಿದವರು.

ಅವ್ವನಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡಳು. ಪಾಸ್‌ಪೋರ್ಟನ್ನು ನನ್ನ ಮೇಜಿನ ಮೇಲೆ ಇಟ್ಟಳು, ಮತ್ತೆ ಎತ್ತಿಕೊಂಡಳು. ಆಮೇಲೆ ನನ್ನ ಎಡತೋಳನ್ನು ನೋಡತೊಡಗಿದಳು. ಬೇಗಂ ಬಜಾರಿನಲ್ಲಿ ಅಂಟಿನ ಹರಳನ್ನು ನೋಡಿದ ಹಾಗೆ.


ಆಗಸ್ಟ್ 29

ನಾನು ಹೋಗುವುದಂತೆ.

ಇಡೀ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವಳ ತೋಳಿಗೆ ಮಾತ್ರ ಹೊರದೇಶದ ಮಾನ್ಯತೆ ಇದೆ. ಎರಡನೆಯ ಸೂಜಿ ಸೆಪ್ಟೆಂಬರ್ ಹನ್ನೆರಡಕ್ಕೆ, ಅಕ್ಟೋಬರ್ ಮೊದಲ ವಾರದಲ್ಲಿ ಪ್ರಯಾಣ, ಹೆರಿಗೆಗೆ ಹತ್ತು ದಿನ ಮುಂಚೆ. ಪಾಸ್‌ಪೋರ್ಟು ನನಗೆ ಮೊದಲೇ ಇದೆ, ವೀಸಾ ಭರತ ಮಾಡಿಸುತ್ತಾನಂತೆ. ಎಲ್ಲವನ್ನೂ ಅವ್ವ ಬೆರಳಿನಲ್ಲೇ ಎಣಿಸಿ ಮುಗಿಸಿದ್ದಾಳೆ.

“ನನಗೇನು ಗೊತ್ತೈತಿ ಅವ್ವಾ? ಕೂಸಿನ್ನ ಎತ್ಕೊಳ್ಳಾಕೂ ಬರೂದಿಲ್ಲ. ಮಂದಿ ಮನ್ಯಾಗ ಕೂಸು ಅತ್ರ ಎದ್ದು ಬರ್ತೀನಿ ನಾ.”

“ನನಗೇನು ಬರ್ತಿತ್ತು? ನಳಿನಿ ಹುಟ್ಟಿದಾಗ ನನಗ ಹತ್ತೊಂಬತ್ತು.”

“ನಿನ್ನ ಹತ್ರ ಅಜ್ಜಿ ಇದ್ಲು.”

“ನಿನ್ನ ಹತ್ರ ಫೋನೈತಿ” ಅಂದಳು ಅವ್ವ.

ಹಿಮಾಯತ್‌ನಗರದ ಪ್ರಕಾಶಕರಿಗೆ ಕರಡು ತಿದ್ದುವ ಕೆಲಸ ಇದೆಯಲ್ಲ ಅಂದೆ. ಅದನ್ನು ಅಲ್ಲಿಂದಲೂ ತಿದ್ದಬಹುದು ಅಂದ ಅಪ್ಪ. ಇದು ಅವನು ಇವತ್ತು ಆಡಿದ ಒಂದೇ ಮಾತು. ನನ್ನ ಮುಖ ನೋಡಿ ಹೇಳಲಿಲ್ಲ, ಟಿವಿಗೆ ಹೇಳಿದ. ಟಿವಿ ಆರಿತ್ತು.


ಸೆಪ್ಟೆಂಬರ್ 6

ಇವತ್ತು ನಾನು ಒಂದು ಸೋರೆಕಾಯಿಗೆ ಸ್ನಾನ ಮಾಡಿಸಿದೆ.

ಎರಡೂವರೆ ಕಿಲೋದ್ದನ್ನು ಅವ್ವ ಸಂತೆಯಲ್ಲಿ ತೂಗಿಸಿ ತಂದಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಬೇಕು. ಮಗುವನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಳ್ಳಬೇಕು, ತಲೆ ಪಾದದ ಕಡೆ. ಎಣ್ಣೆ ಬೆನ್ನಿಗೆ, ತೋಳಿಗೆ, ಕಂಕುಳಿಗೆ. ಸೋರೆಕಾಯಿಗೆ ಕಂಕುಳಿಲ್ಲ ಅಂದೆ. “ಐತಿ ಅಂತ ತಿಳ್ಕೊ. ಎಂ.ಎ. ಮಾಡೀಯಿಲ್ಲ, ಅಷ್ಟು ತಿಳ್ಕೊಳ್ಳಾಕ ಬರೂದಿಲ್ಲೇನು?” ಅಂದಳು.

ಎರಡು ಸಲ ಜಾರಿ ಬಿತ್ತು. ಎರಡನೆಯ ಸಲ ತುದಿ ಒಡೆಯಿತು. ಅವ್ವ ಬೈಯಲಿಲ್ಲ, ಬಚ್ಚಲ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನನಗೆ ನಗು ಬರುತ್ತಿತ್ತು, ಅವಳ ಮುಖ ನೋಡಿ ಸುಮ್ಮನಾದೆ.

“ಮತ್ತೊಮ್ಮೆ” ಅಂದಳು. ನೀರು ಬಿಸಿ ಎಷ್ಟೆಂದು ಕೈಯಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು. ತಲೆಗೆ ನೀರು ಸುರಿಯುವಾಗ ಹಣೆಗೆ ಅಂಗೈ ಅಡ್ಡ ಇಡಬೇಕು. ಐದನೆಯ ಸಲಕ್ಕೆ ಬೀಳಲಿಲ್ಲ.

ಸಂಜೆ ಅದನ್ನೇ ಪಲ್ಯ ಮಾಡಿದಳು. ಅಪ್ಪ ಎಣ್ಣೆ ವಾಸನೆ ಬರುತ್ತದೆ ಅಂದ. ನನಗೆ ಯಾಕೋ ತಿನ್ನಲಾಗಲಿಲ್ಲ.


ಸೆಪ್ಟೆಂಬರ್ 8

ಇವತ್ತು ಎರಡು ಸೋರೆಕಾಯಿ. ಒಂದೂ ಬೀಳಲಿಲ್ಲ. ತರಕಾರಿ ಮಾರುವವಳು “ಆನಪಕಾಯ ಅಂಟೆ ಅಂತ ಇಷ್ಟಮಾ?” ಎಂದು ಕೇಳಿದಳು. ಸೋರೆಕಾಯಿ ಅಂದರೆ ಅಷ್ಟು ಇಷ್ಟವಾ ಅಂತೆ. ಈ ಬೀದಿಯಲ್ಲಿ ಎಲ್ಲರಿಗೂ ಎಲ್ಲದರ ಬಗ್ಗೆ ಪ್ರಶ್ನೆ ಇದೆ.


ಸೆಪ್ಟೆಂಬರ್ 12

ಎರಡನೆಯ ಸೂಜಿ. ಅಪ್ಪ ತಾನೂ ಬರುತ್ತೇನೆ ಅಂದ. ಬೇಡ ಅಂದೆ, ಅಷ್ಟರಲ್ಲಿ ಆಟೋ ಹತ್ತಿ ಕೂತಿದ್ದ.

ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತ. ಮುಂದಿದ್ದ ಮುದುಕ “ಮೀರು ಕೂಡಾನಾ ಸಾರ್?” ಅಂದ, ನೀವೂ ಹಾಕಿಸಿಕೊಳ್ಳುತ್ತೀರಾ ಎಂದು. ಈಗ ತೋಳು ಮೇಲೇರುತ್ತದೆ, ಈಗ ಭಾಷಣ ಶುರುವಾಗುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಪ್ಪ “ಅಯಿಪೋಯಿಂದಿ” ಅಂದ. ನಂದು ಆಗಿದೆ ಅಂತ ಅಷ್ಟೇ. ತೋಳಿನ ಗುಂಡಿ ಹಾಕಿಯೇ ಇತ್ತು.

ಮೇಜಿನ ಹತ್ತಿರ ಮಾತ್ರ ಬಗ್ಗಿ, ಬರೆಯುವ ಹುಡುಗಿಗೆ, “ಅಮ್ಮಾ, ಮಾ ಅಮ್ಮಾಯಿ ಫಾರಿನ್ ವೆಳ್ತುಂದಿ, ಕೊಂಚಂ ಜಾಗ್ರತ್ತಗಾ ರಾಯಂಡಿ” ಎಂದು ಬೇಡಿಕೊಂಡ. ಮಗಳು ಹೊರದೇಶಕ್ಕೆ ಹೊರಟಿದ್ದಾಳೆ, ಜೋಪಾನವಾಗಿ ಬರೆಯಿರಿ ಎಂದು. ಅವನು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ಚೆನ್ನಾಗಿ ಕಾಣಿಸಲಿಲ್ಲ.


ಅಕ್ಟೋಬರ್ 3, ವಿಮಾನ ನಿಲ್ದಾಣ

ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಅವ್ವ ಅಪ್ಪ ಗಾಜಿನ ಆಚೆ ನಿಂತಿದ್ದಾರೆ. ಒಂದು ಕಾಗದ ಲಸಿಕೆಯದು, ಒಂದು ಮೂಗಿನ ಪರೀಕ್ಷೆಯದು, ಒಂದು ವಿಮೆಯದು, ಒಂದು ನಾನು ನಾನೇ ಎಂಬುದಕ್ಕೆ. ಪ್ರತಿ ಮೇಜಿನಲ್ಲೂ ಅದೇ ಕಾಗದವನ್ನು ಹೊಸದಾಗಿ ಕಂಡವರ ಹಾಗೆ ನೋಡುತ್ತಾರೆ. ವೈರಸ್ಸಿಗೆ ಓದಲು ಬರುತ್ತಿದ್ದರೆ ಇಷ್ಟರಲ್ಲಿ ಬೇಸತ್ತು ಸತ್ತಿರುತ್ತಿತ್ತು.

ಅಧಿಕಾರಿ “ಕಿಸ್ ಕಾಮ್ ಸೇ ಜಾ ರಹೀ ಹೋ?” ಅಂದ. ಅಕ್ಕನ ಹೆರಿಗೆಗೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಔರ್ ಕೋಯೀ ನಹೀ ಥಾ ಘರ್ ಮೇ?” ಎಂದು ಮುದ್ರೆ ಒತ್ತಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ. ಇದ್ದಾಳೆ. ಗಾಜಿಗೆ ಮುಖ ಒತ್ತಿ ನಿಂತಿದ್ದಾಳೆ.

ಅವ್ವ ಅಳಲಿಲ್ಲ. ಗಾಜಿನ ಆಚೆಯಿಂದ ಮೊಣಕೈ ತೋರಿಸಿದಳು. ನಾನು ನನ್ನ ಮೊಣಕೈ ತೋರಿಸಿದೆ. ನಡುವೆ ಹಾದುಹೋದವರು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದರು.


ಅಕ್ಟೋಬರ್ 14, ಮಸ್ಕತ್

ಹೆಣ್ಣು. ಎರಡು ಕಿಲೋ ಎಂಟುನೂರು. ನಳಿನಿ ಚೆನ್ನಾಗಿದ್ದಾಳೆ. ಹನ್ನೊಂದು ಗಂಟೆ ನನ್ನ ಕೈ ಹಿಡಿದೇ ಇದ್ದಳು, ಬೆರಳುಗಳು ಇನ್ನೂ ಮಡಚುತ್ತಿಲ್ಲ. ಮಗುವಿನ ಮುಖ ಜನಾರ್ದನ ರಾಯರ ಹಾಗಿದೆ.


ಅಕ್ಟೋಬರ್ 18

ಮನೆಗೆ ಬಂದೆವು. ಇವತ್ತು ಮೊದಲ ಸ್ನಾನ. ಇಲ್ಲಿ ವಾಟ್ಸಾಪಿನಲ್ಲಿ ಮುಖ ನೋಡಿ ಮಾತಾಡಲು ಬಿಡುವುದಿಲ್ಲ, ಭರತ ಬೇರೇನೋ ಹಾಕಿಕೊಟ್ಟ. ಫೋನನ್ನು ಬಚ್ಚಲ ಕಿಟಕಿಯಲ್ಲಿ ಒರಗಿಸಿದೆವು. ಅದರೊಳಗೆ ಅವ್ವನ ಮುಖ, ಹಿಂದೆ ಅಪ್ಪನ ಕಿವಿ.

“ಕಾಲು ಸೇರ್ಸು. ಸೇರ್ಸು ಅಂದ್ನಿ. ಹಾಂ. ಇನ್ನ ಕೂಸಿನ್ನ...” ಅಂದಳು, ಅವಳ ಮುಖ ಚೌಕಚೌಕವಾಗಿ ಒಡೆದು ನಿಂತುಹೋಯಿತು.

ಮಗು ನನ್ನ ಕಾಲ ಮೇಲಿತ್ತು. ಇದಕ್ಕೆ ಕಂಕುಳಿದೆ. ಕತ್ತಿನ ಕೆಳಗೆ ಮಡಿಕೆಗಳಿವೆ, ಸೋರೆಕಾಯಿ ಅವುಗಳ ಬಗ್ಗೆ ಏನೂ ಹೇಳಿರಲಿಲ್ಲ. ನಳಿನಿ ಬಾಗಿಲಲ್ಲಿ ಅಳುತ್ತಿದ್ದಳು, ಭರತ “ನಿಲ್ಲಸ್ತೀಯೇನು, ಯಾರನ್ನರ ಕರೀಲೇನು” ಅನ್ನುತ್ತಿದ್ದ. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ.

ಅವ್ವನ ಮುಖ ಮತ್ತೆ ಕೂಡಿಕೊಂಡಾಗ ಮಗು ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಲಗಿತ್ತು. “ಆತೇನು?” ಅಂದಳು. ಆತು ಅಂದೆ. “ನನಗ ಕಾಣಲೇ ಇಲ್ಲಲ್ಲೇ” ಅಂದಳು. ನಾಳೆ ನೋಡುವಿಯಂತೆ ಅಂದೆ. ನಾಳೆ ಫೋನ್ ಬಚ್ಚಲಲ್ಲಿ ಬೇಡ, ಗಮನ ಅತ್ತ ಹೋಗುತ್ತದೆ.


ಅಕ್ಟೋಬರ್ 23

ನಳಿನಿ ಮೊಸರು ಕೇಳಿದಳು. ಕೊಡಲಿಲ್ಲ. ಯಾಕೆ ಕೊಡಬಾರದು, ವೈಜ್ಞಾನಿಕ ಕಾರಣ ಹೇಳು ಅಂದಳು. ಕಾರಣ ನನ್ನ ಹತ್ತಿರ ಇಲ್ಲ. ಮೊಸರೂ ಇಲ್ಲ, ಮುಗಿಸಿಬಿಟ್ಟಿದ್ದೇನೆ.

ಸಂಜೆ ಭರತನ ಆಫೀಸಿನವರು ಮೂವರು ಮಗುವನ್ನು ನೋಡಲು ಬಂದರು, ಹೂವು ಹಿಡಿದು, ಹಲ್ಲು ಕಾಣಿಸುತ್ತ. ಬಾಗಿಲಲ್ಲೇ ನಿಲ್ಲಿಸಿ ಮಾಸ್ಕು ಎಲ್ಲಿ, ಯಾವ ಲಸಿಕೆ, ಎರಡನೆಯದು ಆಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ಒಬ್ಬನಿಗೆ ಹತ್ತೇ ದಿನ ಆಗಿತ್ತು. ಅವನಿಗೆ ಹೊರಗೇ ಕುರ್ಚಿ ಹಾಕಿದೆ. ಭರತನಿಗೆ ಅವಮಾನವಾಯಿತಂತೆ, ಹೊರಗೆ ಕೂತವನು ತನ್ನ ಮ್ಯಾನೇಜರಂತೆ. ಮ್ಯಾನೇಜರಾದರೆ ಹತ್ತು ಹದಿನಾಲ್ಕಾಗುತ್ತದೆಯೇ? ಹೂವನ್ನೂ ಹೊರಗೇ ಇಟ್ಟೆ. ಜನಕ್ಕೆ ಒಂದೂವರೆ ವರ್ಷದಿಂದ ಹೇಳಿದ್ದನ್ನೇ ಹೇಳಬೇಕು.

ಪ್ರಕಾಶಕರ ಕರಡು ಹಾಗೇ ಉಳಿದಿದೆ. ಪತ್ರ ಬರೆದು ಬೇರೆಯವರನ್ನು ನೋಡಿಕೊಳ್ಳಲು ಹೇಳಬೇಕು.


ಅಕ್ಟೋಬರ್ 28

ಬೆಳಿಗ್ಗೆ ಅಪ್ಪನ ಫೋನು. ಉಸಿರು ಸಿಗದಷ್ಟು ಖುಷಿ.

“ಒಪ್ಪಿದ್ರು! ಮಸ್ಕತ್ತಿನವ್ರು ಒಪ್ಪಿದ್ರು ನಮ್ದನ್ನ! ಪೇಪರಿನ್ಯಾಗ ಬಂದೈತಿ. ಕೆಳಗ ಹೋಗಿ ಎಲ್ಲಾರಿಗೂ ಪೇಡೆ ಕೊಟ್ಟು ಬಂದ್ನಿ. ಆ ರಾಯರಿಗೆ ಎರಡು ಕೊಟ್ನಿ. ತಿನ್ರಿ, ಜಗತ್ತು ಒಪ್ಪೇತಿ, ನೀವೂ ಒಪ್ರಿ ಅಂದ್ನಿ.”

ಎರಡು ತಿಂಗಳ ಹಿಂದೆ ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಹೊಳೆದಂತಿಲ್ಲ. ಪೇಡೆ ಹಂಚಲು ಒಂದು ಕಾರಣ ಸಿಕ್ಕಿತು, ಅಷ್ಟೇ. ಕೇಳಿಸಿಕೊಂಡೆ. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡಿದ್ದೆ, ಫೋನ್ ಕುತ್ತಿಗೆಗೆ ಅವುಚಿಕೊಂಡಿದ್ದೆ.

ಅತ್ತ ಅಪ್ಪನ ಕೈಯಿಂದ ಅವ್ವ ಫೋನ್ ಕಿತ್ತುಕೊಂಡಳು.

“ಲಹರಿ, ಇನ್ನ ನಾ ಬರ್ತೀನಿ. ಭರತ ವೀಸಾ ಮಾಡಸ್ತಾನಂತ, ಹದಿನೈದು ದಿನದಾಗ ಅಲ್ಲಿರ್ತೀನಿ. ಪಾಪ, ನಿನಗ ಭಾಳ ತ್ರಾಸಾತು. ನಾ ಬಂದ ಮ್ಯಾಲೆ ನೀ ಆರಾಮ ಮಲ್ಕೊ, ಓದ್ಕೊ. ಕೂಸಿನ್ನ ನಾ ನೋಡ್ಕೊಂತೀನಿ.”

“ಬಾ” ಅಂದೆ. “ಆದ್ರ ಬಂದ ಕೂಡ್ಲೇ ಕೂಸಿನ್ನ ಮುಟ್ಟೂ ಹಂಗಿಲ್ಲ. ವಿಮಾನದಾಗ ಯಾರ್ಯಾರ ಮಗ್ಗಲದಾಗ ಕುಂತು ಬರ್ತೀಯೋ ಏನೋ. ಏಳು ದಿನ ಮುಂದಿನ ಕೋಣ್ಯಾಗ ಇರು. ಊಟಾ ಅಲ್ಲೇ ತಂದ್ಕೊಡ್ತೀನಿ. ಆಮ್ಯಾಲೆ ಮೂಗಿನ ಪರೀಕ್ಷೆ.”

ಅವ್ವ ನಕ್ಕಳು. ನಾನು ನಗಲಿಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದಳು.

“ನಂದು ಎರಡೂ ಆಗ್ಯಾವಲ್ಲೇ. ಈಗ ಅವ್ರೂ ಒಪ್ಪ್ಯಾರಲ್ಲ?”

“ಅವ್ರು ಒಪ್ಪ್ಯಾರ. ನಾ ಒಪ್ಪಿಲ್ಲ.”

ಅತ್ತ ಹಿಂದಿನಿಂದ ಅಪ್ಪ, “ಏನಂತಾಳ? ಟಿಕೇಟು ತೆಗಸ್ಲೇನು?” ಎಂದು ಕೇಳುತ್ತಿದ್ದ. “ಸುಮ್ನಿರ್ರಿ ಒಂಚೂರು” ಅಂದಳು ಅವ್ವ ಅವನಿಗೆ.

“ಏಳು ದಿನಾ?” ಅಂದಳು ನನಗೆ.

“ಏಳು.”

“ಬಾಗಲದಾಗ ನಿಂತು ನೋಡ್ಲ್ಯಾ?”

“ಮಾಸ್ಕ್ ಹಾಕ್ಕೊಂಡು ನೋಡು.”

“ಆತಬೇ. ನೀ ಹೆಂಗ ಹೇಳ್ತಿ ಹಂಗ.”

ಅಜ್ಜಿ ಬದುಕಿದ್ದಾಗ ಅವ್ವ ಅಜ್ಜಿಗೆ ಹೀಗೇ ಉತ್ತರ ಕೊಡುತ್ತಿದ್ದಳು. ಸಿಟ್ಟು ಬಂದಿರಬಹುದು. ಬರಲಿ. ಬಂದವರೆಲ್ಲ ತಮಗೆ ಬೇಜಾರಾಯಿತು, ಅವಮಾನವಾಯಿತು ಎನ್ನುತ್ತಾರೆ, ಈ ಮಗುವಿನ ಶ್ವಾಸದ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಅವ್ವನ ಕೈ ಒರಟು ಬೇರೆ. ಕತ್ತಿನ ಮಡಿಕೆಗಳನ್ನು ಹೇಗೆ ಬಿಡಿಸಬೇಕೆಂದು ಅವಳಿಗೆ ಮೊದಲು ತೋರಿಸಿಕೊಡಬೇಕು.

ಸ್ನಾನದ ನೀರು ಆರುತ್ತಿದೆ.